‘ಸೀಟಿಲ್ಲ’ ಎಂದರೆ ಮುಂದೇನು? ಶಾಲಾ ಪ್ರವೇಶದ ನಿರಾಕರಣೆ ಮತ್ತು ಕೈಗೆ ಸಿಗದ ಹಿಂಬರಹ

ಒಂದನೇ ತರಗತಿಗೆ ಸೇರಲು ಮಗುವಿಗೆ ಎಷ್ಟು ವಯಸ್ಸಾಗಿರಬೇಕು ಎಂಬ ಪ್ರಶ್ನೆಗೆ ಕರ್ನಾಟಕದ ಉತ್ತರ 2022ರಿಂದ 2025ರ ಒಳಗೆ ಮೂರು ಬಾರಿ ಬದಲಾಯಿತು. ಇದೇ ಅವಧಿಯಲ್ಲಿ ಪಕ್ಕದ ಮಹಾರಾಷ್ಟ್ರದಿಂದ ಇನ್ನೊಂದು ಸುದ್ದಿ ಬಂತು. ಸರ್ಕಾರಿ ಶಾಲೆ ಹತ್ತಿರದಲ್ಲಿದ್ದರೆ ಖಾಸಗಿ ಶಾಲೆ ಬಡಮಕ್ಕಳಿಗೆ ಸೀಟು ಕೊಡಬೇಕಿಲ್ಲ ಎಂಬ ಅಲ್ಲಿನ ನಿಯಮವನ್ನು ನ್ಯಾಯಾಲಯ ರದ್ದುಪಡಿಸಿತು. ಅದನ್ನೇ ಹೋಲುವ ಕರ್ನಾಟಕದ ನಿಯಮವನ್ನು ಇಲ್ಲಿನ ಹೈಕೋರ್ಟ್ 2019ರಲ್ಲೇ ಎತ್ತಿಹಿಡಿದಿತ್ತು. ಈ ಎರಡೂ ಸುದ್ದಿಗಳನ್ನು ಓದಿದ ಪೋಷಕರಿಗೆ ತಮ್ಮ ಮಗುವಿನ ಹಕ್ಕು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ತಿಳಿಯದೆ ಹೋದರೆ ಅದು ಅವರ ತಪ್ಪಲ್ಲ.

ಗೊಂದಲವೆಲ್ಲ ಕೊನೆಗೆ ಬಂದು ನಿಲ್ಲುವುದು ಶಾಲೆಯ ಕಚೇರಿಯ ಕಿಟಕಿಯ ಎದುರಿಗೆ. ಅಲ್ಲಿ ‘ಸೀಟಿಲ್ಲ’ ಎಂಬ ಮಾತು ಕೇಳಿದ ಮೇಲೆ ಯಾರ ಬಳಿಗೆ ಹೋಗಬೇಕು, ಹೋದರೆ ಏನಾಗುತ್ತದೆ ಎಂಬುದನ್ನು ಕಾನೂನು ಹೇಳುತ್ತದೆ. ಆದರೆ ಆ ಮಾತನ್ನು ಬರವಣಿಗೆಯಲ್ಲಿ, ಅಂದರೆ ಹಿಂಬರಹವಾಗಿ, ಕೊಡಬೇಕೆಂದು ಶಾಲೆಯನ್ನು ಯಾರೂ ಒತ್ತಾಯಿಸುವುದಿಲ್ಲ. ಮೇಲ್ಮನವಿಯ ಹಕ್ಕು ಬಳಕೆಗೆ ಬಾರದೆ ಉಳಿಯಲು ಇದೇ ಮುಖ್ಯ ಕಾರಣ.

ವಯಸ್ಸಿನ ಗೆರೆ ಸರಿದಾಡಿದ್ದು ಹೇಗೆ

ಮೊದಲು ಜೂನ್ 1ಕ್ಕೆ ಐದು ವರ್ಷ ಐದು ತಿಂಗಳು ತುಂಬಿದ್ದರೆ ಒಂದನೇ ತರಗತಿಗೆ ಸೇರಿಸಬಹುದಿತ್ತು. 2022ರ ಜುಲೈನಲ್ಲಿ ರಾಜ್ಯ ಸರ್ಕಾರ ಇದನ್ನು ಪೂರ್ಣ ಆರು ವರ್ಷಕ್ಕೆ ಏರಿಸಿತು. ಆಗಲೇ ನರ್ಸರಿ, ಎಲ್‌ಕೆಜಿಗಳಲ್ಲಿ ಕುಳಿತಿದ್ದ ಮಕ್ಕಳ ಪೋಷಕರು ಆಕ್ಷೇಪಿಸಿದ್ದರಿಂದ ಅದೇ ನವೆಂಬರ್‌ನಲ್ಲಿ ಆದೇಶದ ಜಾರಿಯನ್ನು 2025-26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ, ಅಂದರೆ 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳೇ ಸಾಕು ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಪ್ರಕಟಿಸಿದರು. ಈ ಸಡಿಲಿಕೆ ಒಂದು ವರ್ಷಕ್ಕೆ ಮಾತ್ರ, 2026-27ರಿಂದ ಆರು ವರ್ಷ ಕಡ್ಡಾಯ ಎಂದೂ ಅದೇ ಉಸಿರಿನಲ್ಲಿ ಹೇಳಿದರು.

ಆರು ವರ್ಷದ ಗೆರೆ ಎಲ್ಲಿಂದಲೋ ಉದುರಿದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ‘ಮಗು’ ಎಂದು ಕರೆಯುವುದೇ ಆರರಿಂದ ಹದಿನಾಲ್ಕು ವರ್ಷದವರನ್ನು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಆಧಾರವಾಗಿಟ್ಟುಕೊಂಡಿತು. ಕೇಂದ್ರೀಯ ವಿದ್ಯಾಲಯಗಳು 2022-23ರಿಂದ ಆರು ವರ್ಷವನ್ನು ಕಡ್ಡಾಯ ಮಾಡಿದಾಗ ಪೋಷಕರು ದೆಹಲಿ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅವರಿಗೆ ಪರಿಹಾರ ಸಿಗಲಿಲ್ಲ.

ಗೆರೆ ಸರಿದಾಡಿದ್ದರ ಪರಿಣಾಮವನ್ನು ಇಬ್ಬರು ಮಕ್ಕಳ ಲೆಕ್ಕದಲ್ಲಿ ನೋಡಬಹುದು. 2019ರ ಆಗಸ್ಟ್ 15ರಂದು ಹುಟ್ಟಿದ ಮಗುವಿಗೆ 2025ರ ಜೂನ್ 1ಕ್ಕೆ ಐದು ವರ್ಷ ಒಂಬತ್ತು ತಿಂಗಳು ದಾಟಿತ್ತು. ಸಡಿಲಿಕೆಯ ಕೃಪೆಯಿಂದ ಅದು ಒಂದನೇ ತರಗತಿಗೆ ಹೋಗಬಹುದಿತ್ತು. 2020ರ ಆಗಸ್ಟ್ 15ರಂದು ಹುಟ್ಟಿದ ಮಗುವಿಗೆ 2026ರ ಜೂನ್ 1ಕ್ಕೆ ಆಗುವುದೂ ಅಷ್ಟೇ ವಯಸ್ಸು. ಆದರೆ ಪ್ರಕಟಿಸಿದ ನಿಯಮದಂತೆ ಅದು ಇನ್ನೂ ಒಂದು ವರ್ಷ ಕಾಯಬೇಕು. ಎರಡನೆಯ ಮಗುವಿನ ತಾಯಿಗೆ ‘ಕಾನೂನು ಹೀಗಿದೆ’ ಎಂದು ಹೇಳಿದರೆ, ಪಕ್ಕದ ಮನೆಯ ಮಗುವಿಗೆ ಹೋದ ವರ್ಷ ಬೇರೆ ಕಾನೂನಿತ್ತೇ ಎಂದು ಆಕೆ ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ.

ನಿಯಮವನ್ನು ಸಮರ್ಥಿಸುವವರ ವಾದದಲ್ಲೂ ಹುರುಳಿದೆ. ನಾಲ್ಕೂವರೆ, ಐದು ವರ್ಷಕ್ಕೇ ಪೆನ್ಸಿಲು ಹಿಡಿಸಿ ಕಾಗುಣಿತ ಬರೆಸುವ ಅವಸರಕ್ಕೆ ಕಡಿವಾಣ ಬೇಕು, ಒಂದೇ ತರಗತಿಯಲ್ಲಿ ಒಂದೂವರೆ ವರ್ಷದ ಅಂತರವಿರುವ ಮಕ್ಕಳನ್ನು ಕೂರಿಸಿದರೆ ಚಿಕ್ಕವರು ಹಿಂದುಳಿಯುತ್ತಾರೆ ಎನ್ನುತ್ತಾರೆ ಅವರು. ಪೋಷಕರ ವಾದವೂ ಅಷ್ಟೇ ಗಟ್ಟಿಯಾದದ್ದು: ಯುಕೆಜಿ ಮುಗಿಸಿದ ಮಗುವನ್ನು ಮತ್ತೆ ಅದೇ ಬೆಂಚಿನಲ್ಲಿ ಕೂರಿಸಿ ಇನ್ನೊಂದು ವರ್ಷದ ಶುಲ್ಕ ಕಟ್ಟಬೇಕು. ನಿಯಮಕ್ಕಿಂತ ಅದು ಬಂದ ದಾರಿಯಲ್ಲಿಯೇ ದೋಷ ಹೆಚ್ಚು. ಗೆರೆಯನ್ನು ಮೊದಲು ಎಳೆಯಬೇಕಿದ್ದದ್ದು ಎಲ್‌ಕೆಜಿಯ ಬಾಗಿಲಲ್ಲಿ. ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು ವರ್ಷ ಎಂಬ ಸೂಚನೆ ಬಂದದ್ದು 2024ರಲ್ಲಿ, ಒಂದನೇ ತರಗತಿಯ ಗೆರೆ ಎಳೆದು ಎರಡು ವರ್ಷವಾದ ಮೇಲೆ. ಅಷ್ಟರಲ್ಲಿ ಹಳೆಯ ಲೆಕ್ಕದಲ್ಲಿ ಒಳಗೆ ಬಂದಿದ್ದ ಮಕ್ಕಳು ನಡುದಾರಿಯಲ್ಲಿದ್ದರು.

ಮೇಲ್ಮನವಿಯ ದೃಷ್ಟಿಯಿಂದ ಇಲ್ಲೊಂದು ಕಹಿ ಸತ್ಯವಿದೆ. ಕಾಯ್ದೆಯ ಹಕ್ಕು ಆರು ವರ್ಷಕ್ಕೆ ಆರಂಭವಾಗುವುದರಿಂದ, ಆರು ತುಂಬದ ಮಗುವಿನ ಪರವಾಗಿ ‘ಒಂದನೇ ತರಗತಿ ಕೊಡಿ’ ಎಂದು ವಾದಿಸಲು ಕಾಯ್ದೆಯಲ್ಲಿ ಹಿಡಿದುಕೊಳ್ಳುವ ಕೊಂಬೆ ಇಲ್ಲ. ಎಲ್ಲ ನಿರಾಕರಣೆಗಳಲ್ಲಿ ಪ್ರಶ್ನಿಸಲು ಅತ್ಯಂತ ದುರ್ಬಲವಾದದ್ದು ಇದೇ. ಸುದ್ದಿಯಲ್ಲಿ ಹೆಚ್ಚು ಸದ್ದು ಮಾಡಿದ್ದೂ ಇದೇ.

ಹಕ್ಕು ಯಾವ ಶಾಲೆಯ ಮೇಲೆ

ಸಂವಿಧಾನಕ್ಕೆ 2002ರಲ್ಲಿ ಆದ 86ನೇ ತಿದ್ದುಪಡಿ 21ಎ ವಿಧಿಯನ್ನು ಸೇರಿಸಿತು. ಅದನ್ನು ಜಾರಿಗೆ ತಂದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಅನ್ವಯವಾಯಿತು. ಕಾಯ್ದೆಯ ಮೂರನೇ ಸೆಕ್ಷನ್ ಕೊಡುವುದು ‘ನೆರೆಹೊರೆಯ ಶಾಲೆ’ಯಲ್ಲಿ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕನ್ನು. ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟನೇ ತರಗತಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಸರ್ಕಾರಿ ಶಾಲೆಯೊಂದು ಆರು ವರ್ಷ ತುಂಬಿದ ಮಗುವಿಗೆ ಪ್ರವೇಶ ನಿರಾಕರಿಸಿದರೆ ಅದು ನೇರವಾಗಿ ಹಕ್ಕಿನ ಉಲ್ಲಂಘನೆ. ಅನುದಾನರಹಿತ ಖಾಸಗಿ ಶಾಲೆಯ ಸಾಮಾನ್ಯ ಸೀಟಿನ ವಿಷಯ ಹಾಗಲ್ಲ. ಅಲ್ಲಿ ಸೀಟುಗಳು ತುಂಬಿದ್ದರೆ ‘ನಮ್ಮ ಮಗುವಿಗೆ ಇದೇ ಶಾಲೆ ಬೇಕು’ ಎಂದು ಕೇಳುವ ಹಕ್ಕು ಯಾವ ಪೋಷಕರಿಗೂ ಇಲ್ಲ. ಆದರೆ ಆ ಶಾಲೆ ಮಕ್ಕಳನ್ನು ಆರಿಸುವ ವಿಧಾನಕ್ಕೆ ಕಾಯ್ದೆ ಕಟ್ಟು ಹಾಕಿದೆ. ಇಷ್ಟಪಟ್ಟ ಶಾಲೆ ಸಿಗದಿರುವುದೂ ಕಾನೂನುಬಾಹಿರವಾಗಿ ತಿರಸ್ಕೃತವಾಗುವುದೂ ಬೇರೆಬೇರೆ ಸಂಗತಿಗಳು. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಬರುವ ದೂರುಗಳಲ್ಲಿ ಇವೆರಡೂ ಕಲಸಿಹೋದಾಗ ಗಟ್ಟಿಯಾದ ದೂರು ಕೂಡ ಸಡಿಲ ದೂರಿನ ಜೊತೆ ಮೂಲೆ ಸೇರುತ್ತದೆ.

ದಾಖಲೆ ಇಲ್ಲ, ಟಿಸಿ ಇಲ್ಲ, ಸಂದರ್ಶನದಲ್ಲಿ ಪಾಸಿಲ್ಲ

ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿರುವ ನಿರಾಕರಣೆಗಳು ಕೆಲವಿವೆ. ದಿನನಿತ್ಯ ಹೆಚ್ಚಾಗಿ ನಡೆಯುವುದೂ ಇವೇ.

ಮೊದಲನೆಯದು ದಾಖಲೆಯ ನೆಪ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದು ಎಂದು 14ನೇ ಸೆಕ್ಷನ್ ಹೇಳುತ್ತದೆ. ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಊರು ಬಿಟ್ಟು ಬಂದ ಕುಟುಂಬಗಳ ಮಕ್ಕಳಿಗಾಗಿಯೇ ಬರೆದಂತಿರುವ ಸಾಲು ಇದು. ಆಧಾರ್ ವಿಷಯದಲ್ಲೂ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಆ ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಅವರ ಊರಿನ ಶಾಲೆಗಳ ಅರ್ಜಿ ನಮೂನೆಯಲ್ಲಿ ಇಂದಿಗೂ ಆಧಾರ್ ಸಂಖ್ಯೆಯ ಹನ್ನೆರಡು ಚೌಕಗಳು ಬಿಡದೆ ಕಾಣುತ್ತವೆ ಎಂಬುದು ಬೇರೆ ಮಾತು.

ಎರಡನೆಯದು ವರ್ಗಾವಣೆ ಪತ್ರ (ಟಿಸಿ). ಹಳೆಯ ಶಾಲೆಯ ಮುಖ್ಯಸ್ಥರು ಟಿಸಿಯನ್ನು ತಕ್ಷಣ ಕೊಡಬೇಕು, ಟಿಸಿ ತರುವುದು ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ತಡೆಯಬಾರದು ಎಂದು ಐದನೇ ಸೆಕ್ಷನ್ ಹೇಳುತ್ತದೆ. ಆದರೆ ಈ ಸೆಕ್ಷನ್ ಕೊಡುವ ವರ್ಗಾವಣೆಯ ಹಕ್ಕು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗಲು. ಒಂದು ಖಾಸಗಿ ಶಾಲೆಯಿಂದ ಇನ್ನೊಂದು ಖಾಸಗಿ ಶಾಲೆಗೆ ಹೋಗುವವರು ಇದನ್ನು ನೆಚ್ಚಿಕೊಳ್ಳಲಾಗದು. ಕಾಗದದ ಟಿಸಿಯ ಜೊತೆಗೆ ಈಗ ಇನ್ನೊಂದು ಬೀಗವೂ ಇದೆ. ಪ್ರತಿ ವಿದ್ಯಾರ್ಥಿಯ ವಿವರ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿರುತ್ತದೆ. ಹಳೆಯ ಶಾಲೆ ಅಲ್ಲಿಂದ ಮಗುವಿನ ಹೆಸರನ್ನು ಬಿಟ್ಟುಕೊಡದಿದ್ದರೆ ಹೊಸ ಶಾಲೆಯಲ್ಲಿ ಹೆಸರು ಏರಿಸುವುದು ಕಷ್ಟ. ಬಾಕಿ ಶುಲ್ಕಕ್ಕಾಗಿ ಈ ಬೀಗವನ್ನು ಹಿಡಿದಿಟ್ಟುಕೊಂಡರೆ ಮಗು ಎರಡು ಶಾಲೆಗಳ ನಡುವಿನ ಕಾರಿಡಾರಿನಲ್ಲಿ ನಿಲ್ಲುತ್ತದೆ. ಬಾಕಿ ವಸೂಲಿಗೆ ಶಾಲೆಗೆ ಬೇರೆ ಕಾನೂನು ದಾರಿಗಳಿವೆ. ಮಗುವಿಗೆ ಆ ವರ್ಷ ಮತ್ತೆ ಬರುವುದಿಲ್ಲ.

ಮೂರನೆಯದು ಆಯ್ಕೆ. ಮಗುವಿಗಾಗಲಿ ಪೋಷಕರಿಗಾಗಲಿ ಪರೀಕ್ಷೆ, ಸಂದರ್ಶನ ನಡೆಸುವುದನ್ನು 13ನೇ ಸೆಕ್ಷನ್ ನಿಷೇಧಿಸುತ್ತದೆ. ಮೊದಲ ತಪ್ಪಿಗೆ 25,000 ರೂಪಾಯಿ, ನಂತರದ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ಕ್ಯಾಪಿಟೇಶನ್ ಶುಲ್ಕ (ಸೀಟು ಕೊಡಲು ನಿಗದಿತ ಶುಲ್ಕದ ಆಚೆಗೆ ಪಡೆಯುವ ಹಣ) ಪಡೆದರೆ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ವಿಧಿಸಬಹುದು. ಆದ್ದರಿಂದ ಸಂದರ್ಶನ ಈಗ ‘ಪರಿಚಯದ ಮಾತುಕತೆ’ ಎಂಬ ಹೆಸರಿನಲ್ಲಿ ನಡೆಯುತ್ತದೆ, ಮತ್ತು ನಿರಾಕರಣೆಗೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾರಣವೇ ಇಲ್ಲದ ನಿರಾಕರಣೆಯನ್ನು ಪ್ರಶ್ನಿಸುವುದು ಹೊಗೆಯನ್ನು ಮುಷ್ಟಿಯಲ್ಲಿ ಹಿಡಿದಂತೆ.

ಅಂಗವಿಕಲ ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಗಟ್ಟಿಯಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನಿಗದಿತ ಪ್ರಮಾಣದ ವೈಕಲ್ಯವಿರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಮಗುವಿಗೆ ಬೇಕೆನಿಸಿದರೆ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ‘ನಮ್ಮಲ್ಲಿ ಇಂಥ ಮಕ್ಕಳಿಗೆ ಟೀಚರ್ ಇಲ್ಲ’ ಎಂದು ಹೇಳಿ ಕಳುಹಿಸಿದ ಪ್ರಕರಣವನ್ನು ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರ ಬಳಿಗೂ ಒಯ್ಯಬಹುದು. ಎಚ್‌ಐವಿ ಕಾರಣಕ್ಕೆ ಮಗುವನ್ನು ಹೊರಗಿಡುವುದನ್ನು 2017ರ ಪ್ರತ್ಯೇಕ ಕಾಯ್ದೆ ನಿಷೇಧಿಸಿದೆ.

ತಡವಾಗಿ ಬಂದವರಿಗೂ ಬಾಗಿಲು ಮುಚ್ಚುವಂತಿಲ್ಲ. ಶೈಕ್ಷಣಿಕ ವರ್ಷ ಆರಂಭವಾಗಿ, ವಿಸ್ತರಿಸಿದ ಅವಧಿಯೂ ಮುಗಿದ ಮೇಲೆ ಬಂದ ಮಗುವಿಗೂ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ 15ನೇ ಸೆಕ್ಷನ್.

25 ಶೇಕಡಾ ಸೀಟು: ಎರಡು ಹೈಕೋರ್ಟುಗಳ ನಡುವೆ

‘ಆರ್‌ಟಿಇ ಸೀಟು’ ಎಂದು ಜನ ಕರೆಯುವುದು ಕಾಯ್ದೆಯ 12(1)(ಸಿ) ಸೆಕ್ಷನ್ನಿನ ಸೀಟನ್ನು. ಅನುದಾನರಹಿತ ಖಾಸಗಿ ಶಾಲೆ ತನ್ನ ಆರಂಭದ ತರಗತಿಯ ಕನಿಷ್ಠ 25 ಶೇಕಡಾ ಸೀಟುಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು, ಅವರ ವೆಚ್ಚವನ್ನು ಸರ್ಕಾರ ಭರಿಸಬೇಕು. ಕರ್ನಾಟಕದಲ್ಲಿ ಈ 25ರಲ್ಲಿ ಪರಿಶಿಷ್ಟ ಜಾತಿಗೆ 7.5, ಪರಿಶಿಷ್ಟ ಪಂಗಡಕ್ಕೆ 1.5, ಉಳಿದವರಿಗೆ 16 ಎಂದು ಹಂಚಲಾಗಿದೆ. ಅನಾಥ, ವಲಸೆ, ಬೀದಿ ಮಕ್ಕಳು, ವಿಶೇಷ ಅಗತ್ಯವುಳ್ಳವರು, ಎಚ್‌ಐವಿ ಬಾಧಿತರು ಮತ್ತು ತೃತೀಯ ಲಿಂಗಿ ಮಕ್ಕಳಿಗೆ ಆದ್ಯತೆ. ಅರ್ಜಿ ಆನ್‌ಲೈನ್‌ನಲ್ಲಿ, ಹಂಚಿಕೆ ಲಾಟರಿಯಲ್ಲಿ. ನಗರದಲ್ಲಿ ವಾರ್ಡು, ಹಳ್ಳಿಯಲ್ಲಿ ಕಂದಾಯ ಗ್ರಾಮ ನೆರೆಹೊರೆಯ ಘಟಕ.

2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮಕ್ಕೆ ಒಂದು ತಿದ್ದುಪಡಿ ತಂದಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯನ್ನು ಈ ಸೀಟುಗಳಿಗೆ ಗುರುತಿಸುವಂತಿಲ್ಲ. ಕರ್ನಾಟಕದಲ್ಲಿ ಸರ್ಕಾರಿ ಶಾಲೆ ಇಲ್ಲದ ಊರು, ವಾರ್ಡು ಎಷ್ಟಿರಬಹುದು ಎಂದು ಊಹಿಸಿದರೆ ಮುಂದಿನದು ಹೇಳಬೇಕಾಗಿಲ್ಲ. ಲಕ್ಷ ದಾಟಿದ್ದ ಸೀಟುಗಳ ಲೆಕ್ಕ ಒಂದೇ ವರ್ಷದಲ್ಲಿ ಕೆಲವು ಸಾವಿರಗಳಿಗೆ ಇಳಿಯಿತು. ಅಂದರೆ ಈ ಸೀಟುಗಳಿಗೆ ಈಗ ನಡೆಯುವ ನಿರಾಕರಣೆ ಶಾಲೆಯ ಕಿಟಕಿಯಲ್ಲಿ ನಡೆಯುವುದಿಲ್ಲ, ಪಟ್ಟಿಯಲ್ಲೇ ನಡೆದುಹೋಗಿರುತ್ತದೆ: ಪೋಷಕರು ಬಯಸಿದ ಶಾಲೆಯ ಹೆಸರೇ ಅರ್ಜಿಯ ತೆರೆಯ ಮೇಲೆ ಕಾಣುವುದಿಲ್ಲ.

ತಿದ್ದುಪಡಿಯ ಹಿಂದಿನ ತರ್ಕ ಹಣದ್ದೂ ಹೌದು, ನೀತಿಯದ್ದೂ ಹೌದು. ಸರ್ಕಾರ ತನ್ನ ಖಜಾನೆಯಿಂದ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 16,000 ರೂಪಾಯಿಯಂತೆ ಖಾಸಗಿ ಶಾಲೆಗಳಿಗೆ ಪಾವತಿಸುತ್ತಿದ್ದಾಗ, ಅದೇ ಬೀದಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಲ್ಲದೆ ಕೊಠಡಿಗಳು ಖಾಲಿಯಾಗುತ್ತಿದ್ದವು. ಸರ್ಕಾರಿ ಶಾಲೆ ಉಳಿಯಬೇಕೆನ್ನುವ ಅನೇಕ ಶಿಕ್ಷಣ ಚಿಂತಕರು ಈ ತಿದ್ದುಪಡಿಯನ್ನು ಬೆಂಬಲಿಸಿದರು. ವಿರೋಧಿಸಿದವರು ಹೇಳಿದ್ದು ಬೇರೆ: 25 ಶೇಕಡಾ ಸೀಟಿನ ಉದ್ದೇಶ ಸರ್ಕಾರಿ ಶಾಲೆಯ ಕೊರತೆ ತುಂಬುವುದಲ್ಲ, ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವಂತೆ ಮಾಡುವುದು.

2019ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಸರ್ಕಾರದ ವಾದವನ್ನು ಒಪ್ಪಿತು. ಕಾಯ್ದೆ ಕೊಡುವುದು ನೆರೆಹೊರೆಯಲ್ಲಿ ಶಿಕ್ಷಣದ ಹಕ್ಕನ್ನು, ಖಾಸಗಿ ಶಾಲೆಯನ್ನು ಆರಿಸಿಕೊಳ್ಳುವ ಹಕ್ಕನ್ನಲ್ಲ ಎಂಬ ತರ್ಕ ಅಲ್ಲಿ ಗೆದ್ದಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಇತ್ತ ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ವಿನಾಯಿತಿ ಎಂಬ ನಿಯಮ ಮಾಡಿತು. ಜುಲೈ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು: 12ನೇ ಸೆಕ್ಷನ್ನಿನಲ್ಲಿ ಇಲ್ಲದ ಷರತ್ತನ್ನು ಸರ್ಕಾರ ನಿಯಮದ ಮೂಲಕ ತುರುಕುವಂತಿಲ್ಲ ಎಂಬುದು ಅದರ ನಿಲುವು. ಆ ತೀರ್ಪಿನ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ವಜಾ ಮಾಡಿತು.

ಹಾಗಾದರೆ ಕರ್ನಾಟಕದ ನಿಯಮವೂ ಬಿದ್ದುಹೋಯಿತೇ ಎಂಬುದು ಹಲವರ ಪ್ರಶ್ನೆ. ಇಲ್ಲ. ಒಂದು ರಾಜ್ಯದ ನಿಯಮ ರದ್ದಾದ ಮಾತ್ರಕ್ಕೆ ಇನ್ನೊಂದು ರಾಜ್ಯದ ನಿಯಮ ತಾನಾಗಿ ರದ್ದಾಗುವುದಿಲ್ಲ. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುವವರೆಗೆ, ಇಲ್ಲವೇ ಸರ್ಕಾರವೇ ಹಿಂಪಡೆಯುವವರೆಗೆ ಇಲ್ಲಿ 2019ರ ನಿಯಮವೇ ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ಪಟ್ಟಿಯಲ್ಲಿಲ್ಲದ ಖಾಸಗಿ ಶಾಲೆಯ ವಿರುದ್ಧ ಮುಂಬೈ ತೀರ್ಪಿನ ಪ್ರತಿ ಹಿಡಿದು ಹೋದರೆ ಕೆಳಹಂತದ ಅಧಿಕಾರಿಗೆ ಮಾಡಬಹುದಾದದ್ದು ಏನೂ ಇಲ್ಲ.

ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳು ಈ ಸೀಟುಗಳ ಹೊಣೆಯಿಂದ ಹೊರಗಿವೆ ಎಂಬುದೂ ನೆನಪಿನಲ್ಲಿರಬೇಕು. ಸುಪ್ರೀಂ ಕೋರ್ಟಿನ 2012ರ ತೀರ್ಪು ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ, 2014ರ ಸಂವಿಧಾನ ಪೀಠದ ತೀರ್ಪು ಎಲ್ಲ ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ 2014ರ ತೀರ್ಪಿನ ಬಗ್ಗೆ ಅನುಮಾನ ವ್ಯಕ್ತಪಡಿಸಿ, ವಿಷಯವನ್ನು ಇನ್ನೂ ದೊಡ್ಡ ಪೀಠದ ಪರಿಶೀಲನೆಗೆ ಒಪ್ಪಿಸುವಂತೆ ಕಡತವನ್ನು ಮೇಲಕ್ಕೆ ಕಳುಹಿಸಿತು.

ಮೇಲ್ಮನವಿಯ ಮೆಟ್ಟಿಲುಗಳು

ಕಾಯ್ದೆಯ 32ನೇ ಸೆಕ್ಷನ್ ದಾರಿಯನ್ನು ಸರಳವಾಗಿ ಹಾಕಿಕೊಟ್ಟಿದೆ. ಮಗುವಿನ ಹಕ್ಕಿನ ಬಗ್ಗೆ ದೂರಿರುವ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ತಂದೆತಾಯಿಯೇ ಆಗಬೇಕೆಂದಿಲ್ಲ. ಪ್ರಾಧಿಕಾರ ಎರಡೂ ಕಡೆಯವರನ್ನು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಆದರೆ ‘ಸ್ಥಳೀಯ ಪ್ರಾಧಿಕಾರ’ ಎಂದರೆ ಯಾರು ಎಂಬಲ್ಲೇ ಎಡವುವವರು ಹೆಚ್ಚು. ಕಾಯ್ದೆಯ ವ್ಯಾಖ್ಯೆಯಲ್ಲಿ ಪಂಚಾಯಿತಿ, ಪುರಸಭೆ, ಪಾಲಿಕೆಗಳೂ ಬರುತ್ತವೆ, ಶಾಲೆಯ ಮೇಲೆ ಆಡಳಿತಾತ್ಮಕ ನಿಯಂತ್ರಣವಿರುವ ಬೇರೆ ಪ್ರಾಧಿಕಾರವೂ ಬರುತ್ತದೆ. ನಿತ್ಯದ ವ್ಯವಹಾರದಲ್ಲಿ ಪೋಷಕರು ಮೆಟ್ಟಿಲು ಹತ್ತುವುದು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯದ್ದು, ಅಲ್ಲಿಂದ ಮುಂದೆ ಜಿಲ್ಲೆಯ ಉಪನಿರ್ದೇಶಕರದ್ದು. ಶುಲ್ಕ, ಕ್ಯಾಪಿಟೇಶನ್ ಮುಂತಾದ ದೂರುಗಳಿಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವೂ ಇದೆ. ಗ್ರಾಮ ಪಂಚಾಯಿತಿಗೆ ಶಾಲಾ ಪ್ರವೇಶದ ದೂರು ಕೊಟ್ಟು ತೀರ್ಪು ಪಡೆದವರನ್ನು ಹುಡುಕುವುದು ಕಷ್ಟವೇ.

ಆಯೋಗದ ಶಕ್ತಿಯ ಬಗ್ಗೆ ತಪ್ಪು ಕಲ್ಪನೆ ಬೇಡ. 2005ರ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆಯಡಿ ರಚನೆಯಾದ ಈ ಆಯೋಗಕ್ಕೆ ವಿಚಾರಣೆಯ ವೇಳೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ: ಶಾಲೆಯ ಮುಖ್ಯಸ್ಥರನ್ನು ಕರೆಸಬಹುದು, ದಾಖಲೆ ತರಿಸಬಹುದು. ವಿಚಾರಣೆಯ ಕೊನೆಗೆ ಮಾತ್ರ ಅದು ಮುಖ್ಯವಾಗಿ ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಬೇಕಾದರೆ ಹೈಕೋರ್ಟಿಗೆ ಹೋಗಬಹುದು. ಹಲವು ಶಾಲೆಗಳು ಆಯೋಗದ ನೋಟಿಸು ಕಂಡೊಡನೆ ದಾರಿಗೆ ಬರುವುದುಂಟು, ಏಕೆಂದರೆ ಮಾನ್ಯತೆ ನವೀಕರಣದ ಕಡತ ಇಲಾಖೆಯ ಮೇಜಿನ ಮೇಲೆಯೇ ಇರುತ್ತದೆ. ಬಾರದ ಶಾಲೆಯನ್ನು ಬಗ್ಗಿಸಲು ಉಳಿಯುವುದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ರಿಟ್ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳವರೆಗೆ ಒಂದನೇ ತರಗತಿಯ ಸೀಟಿಗಾಗಿ ಹೋಗುವ ಕೂಲಿ ಕುಟುಂಬವನ್ನು ಕಾಯ್ದೆ ಬರೆದವರು ಕಲ್ಪಿಸಿಕೊಂಡಿರಲಾರರು.

ಲಾಟರಿಯಲ್ಲಿ ಹೆಸರು ಬಾರದಿದ್ದರೆ ಮೇಲ್ಮನವಿಗೆ ಸಾಮಾನ್ಯವಾಗಿ ಆಧಾರವಿರುವುದಿಲ್ಲ. ವಾರ್ಡಿನ ಹೊರಗಿನವರಿಗೆ ಸೀಟು ಹೋಗಿದೆ, ದಾಖಲೆ ಸರಿಯಿದ್ದರೂ ಅರ್ಜಿ ತಿರಸ್ಕೃತವಾಗಿದೆ ಎಂಬಂಥ ನಿರ್ದಿಷ್ಟ ತಪ್ಪಿದ್ದರೆ ಮಾತ್ರ ದೂರಿಗೆ ಕಾಲು ಬರುತ್ತದೆ. ಅದಕ್ಕೆ ಬೇಕಾದ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನ ಕಾಯಬೇಕು. ಜಾತಿ, ಆದಾಯ ಪ್ರಮಾಣಪತ್ರ ಸಮಯಕ್ಕೆ ಬಾರದೆ ಅರ್ಜಿಯೇ ಹಾಕಲಾಗದವರ ಕಷ್ಟ ಇನ್ನೊಂದು ಬಗೆಯದು. ಆ ಪತ್ರಗಳು ಸಕಾಲ ಸೇವೆಯಡಿ ಬರುವುದರಿಂದ ವಿಳಂಬಕ್ಕೆ ಮೇಲ್ಮನವಿ ಉಂಟು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಕಳೆದುಹೋದ ಸೀಟಿಗೆ ಐನೂರು ರೂಪಾಯಿ.

ಮೂರು ತಿಂಗಳ ಕಾಯ್ದೆ, ಮೂರು ವಾರದ ಪ್ರವೇಶ

ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡು ನೋಡೋಣ. ಶಾಲೆ ಆರಂಭವಾಗುವುದು ಮೇ ಕೊನೆ, ಜೂನ್ ಮೊದಲ ವಾರದಲ್ಲಿ. ಜೂನ್ 5ರಂದು ನಿರಾಕರಣೆಯಾಗಿ 10ರಂದು ದೂರು ಕೊಟ್ಟರೆ, ಸ್ಥಳೀಯ ಪ್ರಾಧಿಕಾರಕ್ಕೆ ಸೆಪ್ಟೆಂಬರ್ 10ರವರೆಗೆ ಸಮಯವಿದೆ. ಅಷ್ಟರಲ್ಲಿ ಮೊದಲ ಕಿರುಪರೀಕ್ಷೆ ಮುಗಿದು ದಸರಾ ರಜೆ ಹತ್ತಿರವಾಗಿರುತ್ತದೆ. ಅಲ್ಲಿ ಸೋತು ಆಯೋಗಕ್ಕೆ ಹೋದರೆ ಉತ್ತರ ಬರುವ ಹೊತ್ತಿಗೆ ಸಂಕ್ರಾಂತಿ ಬಂದರೂ ಆಶ್ಚರ್ಯವಿಲ್ಲ. ಯಾವ ಪೋಷಕರೂ ಆರು ವರ್ಷದ ಮಗುವನ್ನು ಅಲ್ಲಿಯವರೆಗೆ ಮನೆಯಲ್ಲಿ ಕೂರಿಸುವುದಿಲ್ಲ. ಸಾಲ ಮಾಡಿಯೋ, ದೂರದ ಶಾಲೆಗೆ ಸೇರಿಸಿಯೋ ದಾರಿ ಕಂಡುಕೊಳ್ಳುತ್ತಾರೆ. ಮಗು ಬೇರೆಡೆ ಸೇರಿದ ಕೂಡಲೇ ದೂರಿನ ಕಡತವನ್ನು ‘ಮುಕ್ತಾಯ’ ಮಾಡುವುದು ಸುಲಭ. ಹೀಗೆ ಶಾಲೆಯ ತಪ್ಪು ಎಂದೂ ತೀರ್ಮಾನಕ್ಕೆ ಬರುವುದಿಲ್ಲ, ಮುಂದಿನ ವರ್ಷ ಇನ್ನೊಂದು ಮಗುವಿಗೆ ಅದೇ ಮಾತು ಹೇಳಲು ಶಾಲೆಗೆ ಅಳುಕೂ ಇರುವುದಿಲ್ಲ.

ಇದೇ ಕೆಲಸವನ್ನು ಇಂಗ್ಲೆಂಡ್ ಹೇಗೆ ಮಾಡುತ್ತದೆ ಎಂಬುದನ್ನು ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಬಲ್ಲವು. ಪ್ರಾಥಮಿಕ ಶಾಲೆಯ ಸೀಟು ಏಪ್ರಿಲ್ 16ರ ಹೊತ್ತಿಗೆ ತಿಳಿಯುತ್ತದೆ, ಶಾಲೆ ಆರಂಭವಾಗುವುದು ಸೆಪ್ಟೆಂಬರ್‌ನಲ್ಲಿ. ನಿರಾಕರಣೆಯ ಪತ್ರದಲ್ಲಿ ಕಾರಣವನ್ನೂ ಮೇಲ್ಮನವಿಯ ದಾರಿಯನ್ನೂ ಬರೆಯಲೇಬೇಕು. ಮೇಲ್ಮನವಿಗೆ ಕನಿಷ್ಠ 20 ಶಾಲಾ ದಿನಗಳ ಗಡುವು, ಆ ಗಡುವು ಮುಗಿದ 40 ಶಾಲಾ ದಿನಗಳೊಳಗೆ ವಿಚಾರಣೆ. ಶಾಲೆಯ ಜೊತೆ ನಂಟಿಲ್ಲದ ಕನಿಷ್ಠ ಮೂವರ ಸಮಿತಿ ಪೋಷಕರನ್ನು ಎದುರಿಗೆ ಕೂರಿಸಿ ಕೇಳುತ್ತದೆ, ಅದರ ತೀರ್ಮಾನಕ್ಕೆ ಶಾಲೆ ಬದ್ಧ. ಅಲ್ಲಿಯೂ ಎಲ್ಲರೂ ಗೆಲ್ಲುವುದಿಲ್ಲ. ಚಿಕ್ಕಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳ ಮಿತಿ ಇರುವುದರಿಂದ ಆ ಹಂತದ ಮೇಲ್ಮನವಿಗಳಲ್ಲಿ ಸೋಲುವವರೇ ಹೆಚ್ಚು. ಆದರೆ ಸೋತವರಿಗೂ ಶಾಲೆ ತೆರೆಯುವ ಮೊದಲು ಉತ್ತರ ಗೊತ್ತಿರುತ್ತದೆ. ಗಡುವನ್ನು ಶಾಲಾ ದಿನಗಳಲ್ಲಿ ಎಣಿಸುವ ಆ ಒಂದು ಅಭ್ಯಾಸವನ್ನಾದರೂ ಎರವಲು ತರಬಹುದಿತ್ತು.

ಹಿಂಬರಹ ಎಂಬ ಕಾಗದ

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಓಡಾಡಿದವರಿಗೆ ‘ಹಿಂಬರಹ’ದ ಬೆಲೆ ಗೊತ್ತು. ಅರ್ಜಿಯನ್ನು ಒಪ್ಪಲಾಗದಿದ್ದರೆ ಏಕೆ ಒಪ್ಪಲಾಗದು ಎಂದು ಬರೆದು, ಸಹಿ ಮಾಡಿ, ಅರ್ಜಿದಾರರಿಗೆ ಕೊಡುವ ಕಾಗದ ಅದು. ಖಾತೆ ಬದಲಾವಣೆಗೆ, ಪಹಣಿ ತಿದ್ದುಪಡಿಗೆ ಹಿಂಬರಹ ಸಿಗುತ್ತದೆ. ಮೇಲಿನ ಅಧಿಕಾರಿ ಮೊದಲು ಕೇಳುವುದೂ ಅದನ್ನೇ. ಶಾಲಾ ಪ್ರವೇಶದಲ್ಲಿ ಮಾತ್ರ ನಿರಾಕರಣೆ ಬಾಯಿಮಾತಿನದು. ಹಲವೆಡೆ ಅರ್ಜಿ ನಮೂನೆಯನ್ನೇ ಕೊಡುವುದಿಲ್ಲವಾದ್ದರಿಂದ ಅರ್ಜಿ ಹಾಕಿದ್ದಕ್ಕೂ ಪುರಾವೆ ಇರುವುದಿಲ್ಲ. ದೂರು ವಿಚಾರಣೆಗೆ ಬಂದಾಗ ‘ಇವರು ನಮ್ಮಲ್ಲಿಗೆ ಬಂದೇ ಇಲ್ಲ’ ಎಂದು ಶಾಲೆ ಹೇಳಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ.

ಈ ಕಾರಣಕ್ಕೆ ಈಗಿನ ವ್ಯವಸ್ಥೆಯಲ್ಲಿ ಪೋಷಕರೇ ಕಾಗದವನ್ನು ಹುಟ್ಟಿಸಿಕೊಳ್ಳಬೇಕಾಗುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನಾಂಕ, ಯಾವ ತರಗತಿ, ಯಾವ ದಿನ ಬಂದು ಕೇಳಿದ್ದು, ಏನು ಉತ್ತರ ಸಿಕ್ಕಿತು ಎಂಬುದನ್ನು ಒಂದೇ ಪುಟದಲ್ಲಿ ಬರೆದು ಎರಡು ಪ್ರತಿ ಮಾಡಿ, ಒಂದನ್ನು ಶಾಲೆಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ ಪಡೆಯಬೇಕು. ಶಾಲೆ ತೆಗೆದುಕೊಳ್ಳದಿದ್ದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದ ರಸೀದಿಯೇ ಸೀಲಿನ ಕೆಲಸ ಮಾಡುತ್ತದೆ. ಬಿಇಒ ಕಚೇರಿಯ ಟಪಾಲು ಮೇಜಿನಲ್ಲಿ ದೂರು ಕೊಟ್ಟಾಗಲೂ ಹಾಗೆಯೇ: ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಂಖ್ಯೆ ಬೀಳುವವರೆಗೆ ಮೂರು ತಿಂಗಳ ಗಡಿಯಾರ ಓಡಲು ಶುರುವಾಗುವುದಿಲ್ಲ. ದೂರಿನಲ್ಲಿ ‘ಅನ್ಯಾಯವಾಗಿದೆ’ ಎಂದು ಹತ್ತು ಬಾರಿ ಬರೆಯುವುದಕ್ಕಿಂತ 5, 13, 14 ಅಥವಾ 15ನೇ ಸೆಕ್ಷನ್‌ಗಳಲ್ಲಿ ಯಾವುದು ಮುರಿದಿದೆ ಎಂದು ಒಂದು ಬಾರಿ ಬರೆಯುವುದು ಹೆಚ್ಚು ಕೆಲಸ ಮಾಡುತ್ತದೆ.

ಶಾಲೆಗಳ ಮಾತು ಮತ್ತು ಮುಂದಿನ ದಾರಿ

ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಿಗೂ ತಮ್ಮದೇ ಅಹವಾಲಿದೆ. ಆರ್‌ಟಿಇ ಮಕ್ಕಳ ವೆಚ್ಚದ ಮರುಪಾವತಿ ತಡವಾಗುತ್ತದೆ, ಬಂದದ್ದೂ ನಿಜವಾದ ಖರ್ಚಿಗೆ ಸಾಲದು ಎಂಬುದು ಅವರ ಹಳೆಯ ದೂರು. ಸಣ್ಣ ಊರಿನ, ಕಡಿಮೆ ಶುಲ್ಕದ ಶಾಲೆಗಳ ಬಾಯಲ್ಲಿ ಈ ಮಾತಿಗೆ ತೂಕವಿದೆ. 16,000 ರೂಪಾಯಿ ಒಂದು ತಿಂಗಳ ಶುಲ್ಕಕ್ಕೂ ಸಾಲದ ಮಹಾನಗರದ ಶಾಲೆಗಳ ಬಾಯಲ್ಲಿ ಅದು ಸ್ವಲ್ಪ ಬೇರೆಯಾಗಿ ಕೇಳುತ್ತದೆ. ಪ್ರತಿ ನಿರಾಕರಣೆಗೂ ಬರಹದ ಕಾರಣ ಕೊಡಬೇಕೆಂದರೆ ಸಾವಿರ ಅರ್ಜಿ ಬರುವ ಶಾಲೆಗೆ ಅದು ಹೊರೆ ಎಂದೂ ಅವರು ಹೇಳಬಹುದು. ಸಾವಿರ ಮಂದಿಗೆ ಶುಲ್ಕದ ರಸೀದಿ ಮುದ್ರಿಸಲು ಸಾಧ್ಯವಾದ ಕಡೆ ಒಂದು ಸಾಲಿನ ಕಾರಣ ಮುದ್ರಿಸುವುದು ಅಸಾಧ್ಯವಾಗಲಾರದು.

ನಿರಾಕರಣೆಗೆ ನಿಗದಿತ ನಮೂನೆ ಮಾಡಲು, ಪ್ರವೇಶದ ದೂರುಗಳಿಗೆ ಮೂರು ತಿಂಗಳ ಬದಲು ಹದಿನೈದು ದಿನಗಳ ಆಂತರಿಕ ಗಡುವು ಹಾಕಲು ಕಾಯ್ದೆಯ ತಿದ್ದುಪಡಿ ಬೇಕಿಲ್ಲ. ಮೂರು ತಿಂಗಳು ಎಂಬುದು ಹೊರಮಿತಿ ಮಾತ್ರ. ಅದರೊಳಗೆ ಬೇಗ ತೀರ್ಮಾನಿಸಿ ಎಂದು ಇಲಾಖೆ ಸುತ್ತೋಲೆ ಹೊರಡಿಸಬಹುದು. ವಯಸ್ಸಿನ ಗೆರೆಯನ್ನು ನಾಲ್ಕು ವರ್ಷದೊಳಗೆ ಮೂರು ಬಾರಿ ಸರಿಸಲು ಸಾಧ್ಯವಾದ ಆಡಳಿತಕ್ಕೆ ಇದು ಭಾರವಾಗಬಾರದು.

2019ರ ನಿಯಮದ ಮೇಲೆ ಸುಪ್ರೀಂ ಕೋರ್ಟಿನ ತೀರ್ಮಾನ ಪೋಷಕರ ಪರವಾಗಿ ಬಂದರೆ ಪರಿಣಾಮ ದೊಡ್ಡದು: ಖಾಸಗಿ ಶಾಲೆಗಳು ಮತ್ತೆ ಪಟ್ಟಿಗೆ ಬರುತ್ತವೆ, ಮರುಪಾವತಿಯ ಮೊತ್ತ ಏರುತ್ತದೆ, ಸರ್ಕಾರಿ ಶಾಲೆಗಳ ದಾಖಲಾತಿ ಮತ್ತೆ ಇಳಿಯಬಹುದು, ಮತ್ತು ನಿರಾಕರಣೆಯ ಜಾಗ ಪಟ್ಟಿಯಿಂದ ಮರಳಿ ಶಾಲೆಯ ಕಿಟಕಿಗೆ ಬರುತ್ತದೆ. ಆಗ 32ನೇ ಸೆಕ್ಷನ್ನಿನ ದೂರುಗಳ ರಾಶಿಯೂ ಬೆಳೆಯುತ್ತದೆ. ಸರ್ಕಾರದ ಪರವಾಗಿ ಬಂದರೆ ಮಹಾರಾಷ್ಟ್ರದಂಥ ರಾಜ್ಯಗಳು ಅದೇ ನಿಯಮವನ್ನು ಮತ್ತೆ ತರಲು ಯತ್ನಿಸುವುದು ಬಹುತೇಕ ಖಚಿತ. ತೀರ್ಪು ಯಾವ ಕಡೆಗೆ ಬಂದರೂ ಸೀಟುಗಳ ಪಟ್ಟಿ ಸಿದ್ಧವಾಗುವುದು ಶಾಲೆ ತೆರೆಯುವ ತಿಂಗಳುಗಳ ಮೊದಲೇ. ಮಳೆಗಾಲದಲ್ಲಿ ಬಂದ ಆದೇಶ ಮುಂದಿನ ವರ್ಷದ ಮಕ್ಕಳಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.